ಪರ್ವತದ ಎತ್ತರ ಮತ್ತು ಮಿಂಚುಹುಳುಗಳ ವೈವಿಧ್ಯ

ಮಿಂಚುಹುಳುಗಳು ದುಂಬಿಗಳ ಗಣದ ಲ್ಯಾಂಪಿರಿಡೇ ಕುಟುಂಬಕ್ಕೆ ಸೇರಿದ ಕೀಟಗಳು. ಜಗತ್ತಿನಲ್ಲಿ ಇವುಗಳ 2,000ಕ್ಕೂ ಹೆಚ್ಚು ಪ್ರಭೇದಗಳಿದ್ದು, ಉಷ್ಣವಲಯದ ಬೆಟ್ಟಗಳಲ್ಲಿ ಎತ್ತರ ಬದಲಾದಂತೆ ಪ್ರಭೇದಗಳ ಸಂಖ್ಯೆಯೂ, ಅದಕ್ಕಿಂತ ಮುಖ್ಯವಾಗಿ ಪ್ರಭೇದಗಳೇ ಬದಲಾಗುವುದನ್ನು ಕಾಣಬಹುದು. ಬ್ರೆಜಿಲ್‌ನ ರಿಯೊ ಡಿ ಜನೈರೊ ರಾಜ್ಯದ ಸೆರಾ ದೋಸ್ ಓರ್ಗಾವ್ಸ್ ಪರ್ವತಶ್ರೇಣಿ ಇದಕ್ಕೆ ಉತ್ತಮ ನಿದರ್ಶನ. 1939ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಭಾಗವನ್ನು ಒಳಗೊಂಡ ಈ ಶ್ರೇಣಿ, ಮಿಂಚುಹುಳುಗಳ ವೈವಿಧ್ಯದಲ್ಲಿ ಜಗತ್ತಿನ ಅತ್ಯಂತ ಸಮೃದ್ಧ ನೆಲೆಗಳಲ್ಲೊಂದು.

ಇಲ್ಲಿ ತಪ್ಪಲಿನ ದಟ್ಟ ಅಟ್ಲಾಂಟಿಕ್ ಮಳೆಕಾಡು ಮೇಲೇರುತ್ತ ಹೋದಂತೆ ಮೋಡ ಕವಿದ, ಪಾಚಿ ಹೊದ್ದ ಗಿಡ್ಡ ಮರಗಳ ಕಾಡಾಗಿ, 2,200 ಮೀಟರ್‌ಗೂ ಎತ್ತರದ ಪೆದ್ರಾ ದೊ ಸೀನೊ ಶಿಖರದ ಆಸುಪಾಸಿನಲ್ಲಿ ಬಂಡೆ ಮತ್ತು ಹುಲ್ಲುಗಾವಲಾಗಿ ಮಾರ್ಪಡುತ್ತದೆ. ಪ್ರತಿ 1,000 ಮೀಟರ್ ಏರಿಕೆಗೆ ಉಷ್ಣಾಂಶ ಸುಮಾರು 5ರಿಂದ 6 ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ, ಮೈಯ ಶಾಖವನ್ನು ತಾವಾಗಿ ಕಾಯ್ದುಕೊಳ್ಳಲಾರದ ಈ ಕೀಟಗಳ ಬೆಳವಣಿಗೆ ನಿಧಾನವಾಗುತ್ತದೆ. ಲೂಸಿಫೆರಿನ್ ಎಂಬ ವಸ್ತು ಲೂಸಿಫೆರೇಸ್ ಎಂಬ ಕಿಣ್ವದ ನೆರವಿನಿಂದ ಆಮ್ಲಜನಕದೊಡನೆ ವರ್ತಿಸಿ ಬೆಳಕು ಹೊಮ್ಮುವುದಾದ್ದರಿಂದ, ಚಳಿಯಲ್ಲಿ ಮಿನುಗಿನ ಗತಿಯೂ ತಗ್ಗುತ್ತದೆ.

ಆದರೂ ಎತ್ತರ ಹೆಚ್ಚಿದಷ್ಟೂ ವೈವಿಧ್ಯ ಒಂದೇ ಸಮನೆ ಕುಗ್ಗುತ್ತದೆ ಎನ್ನಲಾಗದು. ಉಷ್ಣವಲಯದ ಬೆಟ್ಟಗಳಲ್ಲಿ ಹಲವು ಕೀಟವರ್ಗಗಳ ಪ್ರಭೇದಗಳು ಮಧ್ಯಮ ಎತ್ತರದಲ್ಲೇ ಅತಿ ಹೆಚ್ಚಾಗಿರುತ್ತವೆ. ಅಲ್ಲಿ ಮಂಜಿನ ತೇವ ಸದಾ ಇರುವುದರಿಂದ ಮಿಂಚುಹುಳುವಿನ ಮರಿಗಳಿಗೆ ಆಹಾರವಾದ ಬಸವನಹುಳು ಮತ್ತು ಎರೆಹುಳುಗಳಿಗೆ ಕೊರತೆಯಿರುವುದಿಲ್ಲ. ಮೇಲಿನ ಹಾಗೂ ಕೆಳಗಿನ ಪ್ರಭೇದಗಳ ವ್ಯಾಪ್ತಿಯ ಅಂಚುಗಳೂ ಅಲ್ಲೇ ಸಂಧಿಸುತ್ತವೆ. ಇದಲ್ಲದೆ, ಉಷ್ಣವಲಯದಲ್ಲಿ ವರ್ಷದುದ್ದಕ್ಕೂ ಹವೆಯ ಏರಿಳಿತ ಕಡಿಮೆಯಿರುವ ಕಾರಣ ಅಲ್ಲಿನ ಜೀವಿಗಳು ಕಿರಿದಾದ ಉಷ್ಣಾಂಶದ ಮಿತಿಗೆ ಒಗ್ಗಿಹೋಗಿರುತ್ತವೆ ಎಂದು ಪರಿಸರವಿಜ್ಞಾನಿ ಡೇನಿಯಲ್ ಜಾನ್ಜೆನ್ 1967ರಲ್ಲಿ ವಾದಿಸಿದ್ದರು. ಅಂಥ ಜೀವಿಗೆ ಕೆಲವು ನೂರು ಮೀಟರ್‌ಗಳ ಏರಿಕೆಯೂ ದಾಟಲಾಗದ ಗಡಿಯಾಗಬಲ್ಲದು. ಅನೇಕ ಪ್ರಭೇದಗಳ ಹೆಣ್ಣುಗಳಿಗೆ ರೆಕ್ಕೆಗಳೇ ಇಲ್ಲದಿರುವುದು ಅಥವಾ ಹಾರಲಾರದಷ್ಟು ಮೊಟಕಾಗಿರುವುದು ಈ ಗಡಿಯನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಆದ್ದರಿಂದ ಶಿಖರದಲ್ಲಿ ಪ್ರಭೇದಗಳು ಕಡಿಮೆಯಿದ್ದರೂ, ಬೇರೆಲ್ಲೂ ಇಲ್ಲದವು ಅಲ್ಲಿರುವ ಸಾಧ್ಯತೆ ಹೆಚ್ಚು. ಹವೆ ಬಿಸಿಯಾದರೆ ಮೇಲೆ ಸರಿಯಲು ಜಾಗವಿಲ್ಲದವೂ ಇವೇ ಆಗಿರುವುದರಿಂದ, ಬರಿಯ ಪ್ರಭೇದಸಂಖ್ಯೆಯಿಂದ ಒಂದು ಎತ್ತರದ ಮಹತ್ವವನ್ನು ಅಳೆಯುವುದು ಸರಿಯಲ್ಲ.

ಸಮೀಕ್ಷೆಯ ಕ್ರಮವೂ ಫಲಿತಾಂಶವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಎಲ್ಲ ಮಿಂಚುಹುಳುಗಳೂ ಪ್ರೌಢಾವಸ್ಥೆಯಲ್ಲಿ ಮಿನುಗುವುದಿಲ್ಲ. ಹಗಲಿನಲ್ಲಿ ಹಾರಾಡುವ ಹಲವು ಪ್ರಭೇದಗಳ ಗಂಡುಗಳು ಹೆಣ್ಣು ಸೂಸುವ ವಾಸನೆಯನ್ನು ಕವಲೊಡೆದ ಮೀಸೆಗಳಿಂದ ಗ್ರಹಿಸಿ ಜೊತೆಗಾತಿಯನ್ನು ಹುಡುಕುತ್ತವೆ. ರಾತ್ರಿಯ ಬೆಳಕನ್ನಷ್ಟೇ ಎಣಿಸಿದರೆ ಇವು ತಪ್ಪಿಹೋಗುತ್ತವೆ. ಹೀಗಾಗಿ ಗುಡಾರದಂಥ ಬಟ್ಟೆಯ ಮ್ಯಾಲೇಸ್ ಬಲೆಗಳನ್ನು ಬೇರೆ ಬೇರೆ ಎತ್ತರಗಳಲ್ಲಿ ಕಟ್ಟಲಾಗುತ್ತದೆ. ಬಟ್ಟೆಗೆ ತಾಗಿದ ಕೀಟ ಮೇಲಕ್ಕೆ ಹತ್ತಿ, ತುದಿಯಲ್ಲಿರುವ ಮದ್ಯಸಾರದ ಸೀಸೆಗೆ ಬೀಳುತ್ತದೆ. ಪ್ರೌಢ ಕೀಟಗಳು ಕೆಲವೇ ವಾರಗಳು ಬದುಕುವುದರಿಂದ, ಈ ಬಲೆಗಳು ಎಲ್ಲ ಎತ್ತರಗಳಲ್ಲೂ ಏಕಕಾಲಕ್ಕೆ, ಎಲ್ಲ ಋತುಗಳಲ್ಲೂ ಇರಬೇಕಾಗುತ್ತದೆ.