ಬೂದಿದಿಬ್ಬದಿಂದ ಪಹಣಿವರೆಗೆ

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿ ಹತ್ತಿರ ಒಂದು ಬೂದಿದಿಬ್ಬ ಇದೆ. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯಲ್ಲಿ ಇಂಥವು ಹಲವು. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಇಂಥ ದಿಬ್ಬಗಳನ್ನು ಅಗೆದು ನೋಡಿದವರಿಗೆ ಸಿಕ್ಕಿದ್ದು ಸುಟ್ಟ ಸಗಣಿ. ಸುಮಾರು 5,000 ವರ್ಷಗಳ ಹಿಂದೆ ಇಲ್ಲಿ ದನ ಸಾಕಿದವರು ದೊಡ್ಡಿಯ ಸಗಣಿಯನ್ನು ರಾಶಿ ಹಾಕಿ ಆಗಾಗ ಬೆಂಕಿ ಕೊಡುತ್ತಿದ್ದರು. ಕೃಷ್ಣೆಯಾಚೆ ಮಹಬೂಬನಗರ ಸೀಮೆಯ ಉಟ್ನೂರಿನಲ್ಲಿ 1957ರಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞರು ಅಗೆದಾಗ ದನದ ಗೊರಸಿನ ಗುರುತುಗಳೇ ಸಿಕ್ಕವು.

ಬೇಸಾಯ ಬಂತು, ಕಾಳು ಮಿಕ್ಕಿತು, ಮಿಕ್ಕ ಕಾಳಿಗೆ ಒಡೆಯ ಹುಟ್ಟಿದ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ನಮ್ಮ ಸೀಮೆಯ ಮಣ್ಣು ಅಷ್ಟು ಸಲೀಸಾಗಿ ಹಾಗೆ ಹೇಳುವುದಿಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಜನ ದನದ ಜೊತೆಗೆ ಬೇಸಾಯವನ್ನೂ ಮಾಡುತ್ತಿದ್ದರು. ಅಲ್ಲಿ ಸಿಕ್ಕ ಕರಿದ ಕಾಳುಗಳಲ್ಲಿ ಕೊರಲೆ, ಹುರುಳಿ, ಹೆಸರು ಇವೆ. ಎಲ್ಲವೂ ಮಳೆ ನಂಬಿದ ಬೆಳೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ ಅಗೆದಾಗ ಕಂಡದ್ದು ದುಂಡನೆಯ ಗುಡಿಸಲುಗಳು. ಅರಮನೆ ಇಲ್ಲ, ಕೋಟೆ ಇಲ್ಲ. ಸಾವಿರಕ್ಕೂ ಹೆಚ್ಚು ವರ್ಷ ಈ ಬದುಕು ನಡೆಯಿತು.

ಹಾಗಂತ ಎಲ್ಲರೂ ಸಮಾನರಾಗಿದ್ದರು ಎಂದಲ್ಲ. ಒಬ್ಬನಿಗೆ ನೂರು ದನ, ಇನ್ನೊಬ್ಬನಿಗೆ ನಾಲ್ಕು ಇದ್ದೇ ಇರುತ್ತದೆ. ಆದರೆ ದನದ ಸಂಪತ್ತಿಗೆ ಕಾಲಿದೆ. ಒಂದು ಬರ, ಒಂದು ರೋಗ ಬಂದರೆ ನೂರು ಹತ್ತಾಗುತ್ತದೆ. ದೊಡ್ಡವನ ಜೊತೆ ಸರಿಹೋಗದವನು ತನ್ನ ನಾಲ್ಕು ದನ ಹೊಡೆದುಕೊಂಡು ಬೇರೆ ಕಡೆ ಹೋಗಬಹುದು. ನನಗನಿಸುವಂತೆ ಆ ಕಾಲದಲ್ಲಿ ಒಡೆತನ ಗಟ್ಟಿಯಾಗದೆ ಇದ್ದದ್ದಕ್ಕೆ ಇದೇ ಮುಖ್ಯ ಕಾರಣ.

ಕಬ್ಬಿಣ ಬಂದ ಮೇಲೆ ಚಿತ್ರ ಬದಲಾಗುತ್ತದೆ. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಮೇಲೆ ನೂರಾರು ಕಲ್ಲುಮನೆಗಳಿವೆ. ಜನ ಮೊರೇರ ಮನೆ ಎನ್ನುತ್ತಾರೆ, ಅವು ಸತ್ತವರ ನೆನಪಿಗೆ ಕಟ್ಟಿದವು. ಅಷ್ಟು ದೊಡ್ಡ ಬಂಡೆಗಳನ್ನು ಎಬ್ಬಿಸಿ ನಿಲ್ಲಿಸಬೇಕಾದರೆ ಹತ್ತಾರು ಜನರನ್ನು ಕೂಡಿಸುವ ಶಕ್ತಿ ಯಾರಿಗೋ ಇರಲೇಬೇಕು.

ಮುಂದೆ ಬಂದದ್ದು ಕೆರೆ ಮತ್ತು ಭತ್ತ. ಕೆರೆಗೆ ಕಾಲಿಲ್ಲ. ಕೆರೆಯ ಕೆಳಗಿನ ಗದ್ದೆ ಯಾರದೋ ಊರೂ ಅವರದೇ ಆಯಿತು. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು 5ನೇ ಶತಮಾನದ ಶಾಸನದಲ್ಲೇ ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸನಿಗೆ ಎರಡು ಊರು ಕೊಟ್ಟ ಮಾತಿದೆ. ಊರುಗಳನ್ನೇ ಉಂಬಳಿ ಕೊಡಬೇಕಾದರೆ ಅಲ್ಲಿ ದುಡಿಯುವವರು ಎದ್ದು ಹೋಗುವುದಿಲ್ಲ ಎಂಬ ಭರವಸೆ ಬೇಕಲ್ಲ! ಕೆರೆ ಕಟ್ಟಿಸಿದವರಿಗೆ, ದುರಸ್ತಿ ಮಾಡಿಸಿದವರಿಗೆ ಕೆರೆಯ ಕೆಳಗೆ ಕೊಡಗಿ ಭೂಮಿ ಸಿಗುತ್ತಿತ್ತು. ಮಣ್ಣು ಹೊತ್ತವರಿಗೆ? ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಡಪ ಸೀಮೆಯ ಪೊರುಮಾಮಿಳ್ಳದಲ್ಲಿ ಕಟ್ಟಿಸಿದ ಕೆರೆಯ 1369ರ ಶಾಸನ ಸಾವಿರ ಜನ ಕೂಲಿಗಳು, ನೂರು ಬಂಡಿ, ಎರಡು ವರ್ಷದ ಕೆಲಸ ಎಂದು ಲೆಕ್ಕ ಕೊಡುತ್ತದೆ. ಕಟ್ಟಿಸಿದವನದು ಹೆಸರು, ಕಟ್ಟಿದವರದು ಲೆಕ್ಕ.

ಈ ಲೆಕ್ಕ ನಿಮ್ಮ ಪಹಣಿಯವರೆಗೂ ಬಂದಿದೆ. ಖುಷ್ಕಿ, ತರಿ, ಬಾಗಾಯ್ತು ಎಂಬ ಮೂರು ಮಾತು ಮಣ್ಣಿನ ಜಾತಿ ಹೇಳುವುದಿಲ್ಲ, ನೀರು ಯಾರಿಗೆ ಎಂಬುದನ್ನು ಹೇಳುತ್ತವೆ. 1974ರ ಭೂಸುಧಾರಣೆ ಗೇಣಿದಾರರಿಗೆ ಭೂಮಿ ಕೊಟ್ಟಿತು. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡಿದವರಿಗೆ ದುಡಿದ ಹೊಲಕ್ಕೆ ಗೇಣಿದಾರರಂತೆ ಅರ್ಜಿ ಹಾಕಲು ಆಧಾರ ಇರಲಿಲ್ಲ. ಕುರಿ ಕಾಯುವವರು ಇವತ್ತೂ ಕೊಯ್ಲಾದ ಹೊಲದಲ್ಲಿ ಮಂದೆ ನಿಲ್ಲಿಸುತ್ತಾರೆ, ಗೊಬ್ಬರ ಹೊಲದವರ ಪಾಲಿಗೆ.

ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ನೋಡಿ. ಕಡಿಮೆ ನೀರಿನ ಬೆಳೆಗಳಿಗೆ, ಹೆಚ್ಚು ಊರುಗಳಿಗೆ ಹಂಚಬೇಕು ಎಂಬುದು ಯೋಜನೆಯ ಮೂಲ ಲೆಕ್ಕ. ಮೇಲ್ಭಾಗದಲ್ಲಿ ಭತ್ತ ಬೆಳೆದರು. ರಾಯಚೂರು ಕಡೆಯ ಕೊನೆಭಾಗದ ರೈತರು ನೀರಿಗಾಗಿ ರಸ್ತೆಗೆ ಇಳಿಯುವ ಸುದ್ದಿ ನೀವು ಓದಿಯೇ ಇರುತ್ತೀರಿ. ಅದೇ ಮೇಲ್ಭಾಗದ ಗದ್ದೆಗಳಿಗೆ ನಾಟಿ ಹಚ್ಚಲು ಖುಷ್ಕಿ ಊರುಗಳಿಂದ ಹೆಣ್ಣುಮಕ್ಕಳು ಬೆಳಗಾಗುವ ಮೊದಲೇ ಟಂಟಂ ಹತ್ತುತ್ತಾರೆ.