ಅಂದಲುಸಿಯಾದ ತೋಟದಲ್ಲಿ ನಮ್ಮ ಬದನೆ

ನಮ್ಮ ನಗರಗಳ ತಾರಸಿಗಳಲ್ಲಿ ಇಂದು ಬ್ರೊಕೊಲಿ, ಝುಕಿನಿ ಬೆಳೆಯುವವರಿದ್ದಾರೆ. ನೆರೆಯವರು ಬಂದು ಕುತೂಹಲದಿಂದ ನೋಡಿಹೋಗುತ್ತಾರೆ. ಪಕ್ಕದಲ್ಲೇ ಇರುವ ಬದನೆ ಗಿಡದತ್ತ ಯಾರ ಗಮನವೂ ಹೋಗುವುದಿಲ್ಲ. ಆದರೆ ಸಾವಿರ ವರ್ಷಗಳ ಹಿಂದೆ ಸ್ಪೇನಿನ ತೋಟಗಳಲ್ಲಿ ಬದನೆಯೇ ದೂರದಿಂದ ಬಂದ ಅತಿಥಿಯಾಗಿತ್ತು.

ಬದನೆಯ ಹೆಸರೇ ಅದರ ಪಯಣವನ್ನು ಹೇಳುತ್ತದೆ. ಸಂಸ್ಕೃತದ 'ವಾತಿಂಗಣ' ಪರ್ಶಿಯನ್ನಿನಲ್ಲಿ 'ಬಾದಿಂಗಾನ್' ಆಯಿತು, ಅರಬಿಯಲ್ಲಿ 'ಬಾದಿಂಜಾನ್' ಆಯಿತು. ಹೆಸರಿನ ಜೊತೆ ಬೀಜವೂ ಮುಸ್ಲಿಮರ ಆಳ್ವಿಕೆಯಲ್ಲಿದ್ದ ಸ್ಪೇನಿಗೆ, ಅಂದರೆ ಅಂದಲುಸಿಯಾಕ್ಕೆ ತಲುಪಿತು. ಅದು ಬದನೆಗೆ ಸುಲಭದ ನೆಲವಲ್ಲ. ಈ ಗಿಡಕ್ಕೆ ಬಿಸಿಲೂ ಬೇಕು, ನೀರೂ ಬೇಕು. ಅಲ್ಲಿನ ಬೇಸಿಗೆಯಲ್ಲಿ ಮಳೆ ಬೀಳುವುದು ತೀರಾ ಕಡಿಮೆ. ಆದ್ದರಿಂದ ರಾಟೆಯಿಂದ ನೀರೆತ್ತಿ, ಕಾಲುವೆಯಲ್ಲಿ ಹಾಯಿಸಿ ಬೆಳೆಯಬೇಕಿತ್ತು. ಸ್ಪ್ಯಾನಿಶರು ಇಂದಿಗೂ ಕಾಲುವೆಗೆ ಬಳಸುವ 'ಅಸೇಕಿಯಾ' ಅರಬಿಯಿಂದ ಬಂದ ಪದ.

11ನೇ ಶತಮಾನದಲ್ಲಿ ತೊಲೆದೊ ನಗರದ ಅರಸನ ತೋಟವನ್ನು ನೋಡಿಕೊಳ್ಳುತ್ತಿದ್ದ ಇಬ್ನ್ ಬಸ್ಸಾಲ್, ತನ್ನ ಕೃಷಿಗ್ರಂಥದಲ್ಲಿ ಮಣ್ಣನ್ನು ಹತ್ತು ಬಗೆಯಾಗಿ ವಿಂಗಡಿಸಿದ. 1085ರಲ್ಲಿ ಆ ನಗರ ಕೈತಪ್ಪಿದಾಗ ಆತ ಸೆವಿಲ್ಯಕ್ಕೆ ಹೋದ. 12ನೇ ಶತಮಾನದಲ್ಲಿ ಸೆವಿಲ್ಯದ ಇಬ್ನುಲ್ ಅವ್ವಾಮ್ ತನ್ನ 'ಕಿತಾಬುಲ್ ಫಿಲಾಹ'ದಲ್ಲಿ ಬದನೆಯ ನಾಲ್ಕು ಬಗೆಗಳನ್ನು ವಿವರಿಸಿದ. ಅಪರೂಪದ ಗಿಡವೊಂದು ಮನೆಮಾತಾಗುವುದರ ಹಿಂದೆ ಇಂಥವರ ತಾಳ್ಮೆಯಿತ್ತು.

1492ರಲ್ಲಿ ಗ್ರಾನಡಾ ಪತನವಾಯಿತು. ಬಲವಂತದ ಮತಾಂತರ ನಡೆಯಿತು. ಮತಾಂತರಗೊಂಡವರ ಸಂತತಿಯನ್ನೂ ಸ್ಪೇನ್ ನಂಬಲಿಲ್ಲ. 1609ರಿಂದ 1614ರ ನಡುವೆ ಸುಮಾರು 3 ಲಕ್ಷ ಜನರನ್ನು ಹೊರಗಟ್ಟಲಾಯಿತು. ಮರುವರ್ಷವೇ ಪ್ರಕಟವಾದ 'ಡಾನ್ ಕ್ವಿಕ್ಸೋಟ್' ಕಾದಂಬರಿಯ ಎರಡನೇ ಭಾಗದಲ್ಲಿ ಸಾಂಚೊ ಒಬ್ಬ ಮುಸ್ಲಿಂ ಇತಿಹಾಸಕಾರನ ಹೆಸರನ್ನು ತಪ್ಪಾಗಿ 'ಬದನೆಕಾಯಿ' ಎಂದು ಉಚ್ಚರಿಸುತ್ತಾನೆ. ಮೂರರಿಗೆ ಬದನೆಯೆಂದರೆ ಪ್ರೀತಿಯೆಂಬುದು ಆತ ಕೊಡುವ ಕಾರಣ. ಅಷ್ಟು ಹೊತ್ತಿಗೆ ಆ ತರಕಾರಿ ಒಂದು ಜನಾಂಗದ ಗುರುತಾಗಿ, ಹಾಸ್ಯದ ವಸ್ತುವೂ ಆಗಿತ್ತು. ಬೆಳೆದವರು ಹೋದರು, ಬದನೆ ಮಾತ್ರ ಅಲ್ಲೇ ಉಳಿಯಿತು.

ಇತ್ತ ಪೋರ್ಚುಗೀಸರ 'ಬೆರಿಂಜೆಲಾ' ಹಡಗೇರಿ ಭಾರತಕ್ಕೆ ಬಂದು, ಇಲ್ಲಿನ ಇಂಗ್ಲಿಷಿನಲ್ಲಿ 'ಬ್ರಿಂಜಾಲ್' ಆಯಿತು. ಇಲ್ಲಿಂದ ಹೊರಟ ಹೆಸರು ವೇಷ ಬದಲಿಸಿ ಇಲ್ಲಿಗೇ ಮರಳಿತು!

ನಮ್ಮದು ಯಾವುದು, ಹೊರಗಿನದು ಯಾವುದು ಎಂದು ಅಡುಗೆಮನೆಯನ್ನು ಶೋಧಿಸಲು ಹೊರಟರೆ ಅಮೆರಿಕ ಖಂಡದಿಂದ ಬಂದ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊಗಳನ್ನೂ ನಾವು ಹೊರಗಿಡಬೇಕಾಗುತ್ತದೆ. ಹಾಗೆ ಮಾಡಲು ಯಾರೂ ಸಿದ್ಧರಿಲ್ಲ. ತರಕಾರಿಗೆ ತೋರುವ ಈ ಔದಾರ್ಯವನ್ನು ಮನುಷ್ಯರಿಗೆ ತೋರಲು ಮಾತ್ರ ನಾವೇಕೆ ಹಿಂಜರಿಯುತ್ತೇವೆ?