ಧ್ವನಿಮುದ್ರಣದಲ್ಲಿ ಬೇಡದ ಸದ್ದು

ಬೀದರಿನ ಚಿದ್ರಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಮನೆಯ ಕಂಪ್ಯೂಟರಿನಲ್ಲಿ ಅಜ್ಜಿಯ ಬೀಸುವ ಪದಗಳನ್ನು ಮುದ್ರಿಸಿಕೊಂಡಳೆಂದು ಭಾವಿಸೋಣ. ಮರಳಿ ಕೇಳಿದರೆ ಹಾಡಿನ ಹಿಂದೆ ‘ಗುಂಯ್’ ಎಂಬ ನಾದ, ‘ಸುಯ್’ ಎಂಬ ಸದ್ದು, ನಡುವೆ ವಾಯುಪಡೆಯ ತರಬೇತಿ ವಿಮಾನದ ಮೊರೆತ. ಇವು ಒಂದೇ ದಾರಿಯಿಂದ ಬಂದವಲ್ಲ. ಪ್ರತಿಯೊಂದಕ್ಕೂ ಅದರದೇ ಚರಿತ್ರೆಯಿದೆ. ಪರಿಹಾರವೂ ಅದರಲ್ಲಿಯೇ ಇದೆ.

1877ರಲ್ಲಿ ಎಡಿಸನ್ ತಗಡಿನ ಹಾಳೆಯ ಮೇಲೆ ಸೂಜಿಯಿಂದ ಧ್ವನಿಯನ್ನು ಕೊರೆದಾಗ, ಸೂಜಿಯ ಕೆರೆತವೂ ಮಾತಿನೊಡನೆ ಕೇಳಿಸಿತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದ್ದು ತುತ್ತೂರಿಯಂಥ ಕೊಳವೆಯೊಳಗೆ. ಆಗ ಇದ್ದ ಉಪಾಯ ಒಂದೇ: ಹತ್ತಿರ ನಿಂತು ಗಟ್ಟಿಯಾಗಿ ಹಾಡುವುದು.

1925ರ ಸುಮಾರಿಗೆ ಮೈಕ್ರೊಫೋನ್ ಬಂದು, ಮೆಲುದನಿಯೂ ಮುದ್ರಣಗೊಳ್ಳುವಂತಾಯಿತು. ವಿದ್ಯುತ್ತಿನ ಗುಂಯ್‌ಗುಡುವಿಕೆಯೂ ಜೊತೆಗೆ ಬಂತು. ನಮ್ಮ ದೇಶದ ವಿದ್ಯುತ್ ಸೆಕೆಂಡಿಗೆ 50 ಆವರ್ತನೆಯದು. ಈ ನಾದ ಅದರ ಗುರುತು. ಸುಯ್‌ಗುಡುವ ಸದ್ದಿನ ಒಂದು ಮೂಲವನ್ನು 1928ರಲ್ಲಿ ಅಮೆರಿಕದ ಜಾನ್ಸನ್ ಮತ್ತು ನೈಕ್ವಿಸ್ಟ್ ವಿವರಿಸಿದರು: ಶಾಖದಿಂದ ವಾಹಕದೊಳಗಿನ ಎಲೆಕ್ಟ್ರಾನುಗಳು ಸದಾ ಚಲಿಸುತ್ತಿರುತ್ತವೆ. ಆದ್ದರಿಂದ ಈ ಸದ್ದನ್ನು ಪೂರ್ಣವಾಗಿ ಅಳಿಸಲಾಗದು. ಬೇಕಾದ ಧ್ವನಿಯನ್ನು ಅದಕ್ಕಿಂತ ಬಹಳ ಮೇಲಿಡಬೇಕು. 1963ರಿಂದ 1965ರವರೆಗೆ ಯುನೆಸ್ಕೊ ಸಲಹೆಗಾರರಾಗಿ ಭಾರತದಲ್ಲಿದ್ದ ರೇ ಡಾಲ್ಬಿ, ಬಳಿಕ ಲಂಡನ್ನಿನಲ್ಲಿ ಟೇಪಿಗೆ ಇದೇ ತತ್ತ್ವವನ್ನು ಅಳವಡಿಸಿದರು. ಮುದ್ರಿಸುವಾಗ ಮೆಲುದನಿಯನ್ನು ಏರಿಸಿ, ಕೇಳಿಸುವಾಗ ಅಷ್ಟೇ ಇಳಿಸಿದರೆ ಟೇಪಿನ ಸದ್ದೂ ಇಳಿಯುತ್ತದೆ.

ಈಗ ಚಿದ್ರಿಯ ಮನೆಗೆ ಮರಳೋಣ. ಮೊದಲು ಯಾರೂ ಮಾತನಾಡದೆ ಹತ್ತು ಸೆಕೆಂಡು ಮೌನವನ್ನೇ ಮುದ್ರಿಸಿ ಕೇಳಿರಿ. ಗುಂಯ್ ಎಂದರೆ, ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿ ಮತ್ತೆ ಮುದ್ರಿಸಿರಿ. ನಾದ ನಿಂತರೆ ಅದು ವಿದ್ಯುತ್ ದಾರಿಯಿಂದ ಬಂದದ್ದು. ಬ್ಯಾಟರಿಯಲ್ಲಿಯೇ ಕೆಲಸ ಮಾಡಿರಿ. ಪ್ಲಗ್ಗಿನ ಅರ್ಥ್ ಕಡ್ಡಿಯನ್ನು ಮಾತ್ರ ಎಂದೂ ತೆಗೆಯಬಾರದು, ಅದು ಜೀವರಕ್ಷಕ. ಸುಯ್ ಎಂದರೆ ಮೈಕನ್ನು ಬಾಯಿಗೆ ಒಂದು ಗೇಣು ಹತ್ತಿರ ತಂದು, ಮುದ್ರಣದ ಮಟ್ಟವನ್ನು ತಗ್ಗಿಸಿರಿ. 1902ರ ಉಪಾಯ ಇಂದಿಗೂ ಹಳೆಯದಾಗಿಲ್ಲ. ಕಂಪ್ಯೂಟರಿನ ಫ್ಯಾನು ಕೇಳಿಸಿದರೆ ಮೈಕನ್ನು ದೂರ ಸರಿಸಿರಿ. ವಿಮಾನಕ್ಕೆ ಔಷಧ ತಾಳ್ಮೆಯೊಂದೇ. ಒಂದು ಸಲಕ್ಕೆ ಒಂದನ್ನೇ ಬದಲಿಸಿರಿ. ಇಲ್ಲವಾದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಸದ್ದು ಅಳಿಸುವ ತಂತ್ರಾಂಶಗಳನ್ನು ಕೊನೆಗೆ ಬಳಸಿರಿ, ಮೂಲಪ್ರತಿಯನ್ನು ಕಾದಿರಿಸಿಯೇ ಬಳಸಿರಿ. ಏಕೆಂದರೆ ಅಜ್ಜಿಯ ಹಾಡಿನ ಹಿಂದೆ ಇನ್ನೊಂದು ಸದ್ದಿದೆ: ಬೀಸುವ ಕಲ್ಲಿನ ಗರಗರ. ಯಂತ್ರ ಅದನ್ನೂ ಗದ್ದಲವೆಂದು ಅಳಿಸಬಹುದು. ಹಾಡಿನ ಲಯ ನಿಂತಿರುವುದೇ ಆ ಕಲ್ಲಿನ ಮೇಲೆ. ಯಾವ ಸದ್ದು ಬೇಡ ಎಂಬುದನ್ನು ಉಪಕರಣ ಹೇಳಲಾರದು. ಹಾಡನ್ನು ಬಲ್ಲ ಕಿವಿ ಹೇಳಬೇಕು.